ದಡದ ನೆತ್ತಿಯ ತನಕ

ಮರ್ರೆ ನದಿಯ ನೀರು ಪೂರಾ ಉತ್ತರದ್ದು.
ದಕ್ಷಿಣ ದಡದ ಇಳಿಜಾರೂ ಉತ್ತರದ್ದೇ,
ನೆತ್ತಿಯ ಹುಲ್ಲು ಮುಟ್ಟುವ ತನಕ.
ಅಲ್ಲಿಂದಾಚೆ ವಿಕ್ಟೋರಿಯಾ.
ಹೊಳೆಗೆ ಹಾಕಿದರೂ ಅಳೆದು ಹಾಕು ಅಂತಾರಲ್ಲ,
ಇಲ್ಲಿ ಹೊಳೆಯನ್ನೇ ಅಳೆದು ಹಾಕಿದ್ದಾರೆ.

ಕ್ಲೆಮ್ ಟ್ರೆಗಿಯರ್ ಸಿಕ್ಕಿದ್ದು ನೆರೆ ಇಳಿದ ಮಂಗಳವಾರ,
ಗಮ್ ಮರದ ಬೇರಿನೊಳಗೆ ತೋಳು ತೂರಿಸಿಕೊಂಡು,
ತಲೆ ಹುಲ್ಲಿನ ಮೇಲೆ, ಬೂಟು ನೀರಿನೊಳಗೆ.
ಒಂದು ಬೂಟು.
ಇನ್ನೊಂದು ಯಾವ ರಾಜ್ಯದಲ್ಲಿದೆಯೋ.

ಸೇತುವೆಯ ಆ ಕಡೆಯಿಂದ ಪ್ರಿಚರ್ಡ್ ಬಂದ,
ಈ ಕಡೆಯಿಂದ ಹ್ಯಾಲೊರನ್.
ಪೊಲೀಸ್ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು.
'ತಲೆ ನಿಮ್ಮದು' ಅಂದ ಒಬ್ಬ.
'ಸತ್ತದ್ದು ನಿಮ್ಮ ನೀರಲ್ಲಿ' ಅಂದ ಇನ್ನೊಬ್ಬ.
ನೆತ್ತಿ ಎಲ್ಲಿ ಎಂದು ಹುಡುಕಿದರೆ
ನೆರೆ ಅದನ್ನು ಮೆದ್ದು ಹೋಗಿತ್ತು;
ಕೆಸರಾದ ಗಡಿ ಸಮುದ್ರದ ದಾರಿ ಹಿಡಿದಿತ್ತು.
ಒಂದೇ ಫ್ಲಾಸ್ಕಿನ ಚಹಾ ಇಬ್ಬರೂ ಕುಡಿದು
ಅಳತೆ ಟೇಪು ತರಲು ಹುಡುಗನನ್ನು ಅಟ್ಟಿದರು.
ಹೆಣ ಕಾಯುತ್ತಿತ್ತು.

ಕೊನೆಗೆ ಉತ್ತರಕ್ಕೇ ಬಂತು, ನಮ್ಮ ಕೋರ್ಟಿಗೆ.
ನಾನಾಗ ಇಪ್ಪತ್ತೆರಡರ ಗುಮಾಸ್ತ,
ಕೆಲಸ ಠಸ್ಸೆ ಒತ್ತುವುದು.
ನೆರಿಡಾ ಬಿಸ್ಕತ್ತಿನ ಡಬ್ಬಿ ತೆರೆದು
ಮದುವೆಯ ಕಾಗದ ಬಿಡಿಸಿಟ್ಟಳು. ವಿಕ್ಟೋರಿಯಾದ ಮುದ್ರೆ.
'ಇದು ಇಲ್ಲಿ ನಡೆಯುತ್ತದೆಯೆ?'
ಯಾಕೆ ನಡೆಯದು, ಅಂದೆ.
'ಮೆಲ್ಬರ್ನಿನ ರೈಲೇ ಇಲ್ಲಿ ನಡೆಯುವುದಿಲ್ಲವಲ್ಲ.
ನಿಮ್ಮ ಹಳಿಯ ಅಗಲ ಬೇರೆ, ನಮ್ಮದು ಬೇರೆ.
ನಡುರಾತ್ರಿ ಇಳಿದು ಪೆಟ್ಟಿಗೆ ಹೊತ್ತು
ಆ ಉದ್ದನೆ ಪ್ಲಾಟ್‌ಫಾರಂ ದಾಟಿದವಳು ನಾನು.
ಮದುವೆ ಒಂದು ನಡೆದೀತೆ?'

ಪುಸ್ತಕ ತೆಗೆದೆ. ಹುಳ ತಿಂದ ಅಂಚು.
ನೂರಾ ಹದಿನೆಂಟನೆಯ ಕಲಮು ಓದಿದೆ:
ಯಾವುದೇ ರಾಜ್ಯದ ಕಾಯಿದೆಗೆ, ದಾಖಲೆಗೆ, ತೀರ್ಪಿಗೆ
ದೇಶದ ಉದ್ದಗಲಕ್ಕೂ
ಪೂರ್ಣ ನಂಬಿಕೆ, ಪೂರ್ಣ ಮನ್ನಣೆ ಕೊಡತಕ್ಕದ್ದು.
'ಯಾರು ಕೊಡಬೇಕು?'
ರಾಜ್ಯಗಳು.
'ಒಂದಕ್ಕೊಂದು?'
ಹೂಂ.
ನಕ್ಕಳು. ಎದೆಯಲ್ಲೆಲ್ಲೋ ಕಟ್ಟಿಕೊಂಡಿದ್ದ ನಗು,
ಕೆಮ್ಮಾಗಿ ಮುಗಿಯಿತು.
'ನಂಬಿಕೆಯನ್ನೂ ಬರೆದು ಕೊಡಬೇಕಾಯಿತೆ?
ಪಾಪ, ಆರೇ ಆರು ಇದ್ದಾವೆ.'

ಆಮೇಲೆ ಜೋರಿಯ ಹೇಳಿಕೆ ಬಂತು,
ಕ್ಲೆಮ್‌ನ ತಮ್ಮ, ಉತ್ತರ ದಡದ ಕಿತ್ತಳೆ ತೋಟದವನು.
ಕಾಲುವೆ ನೀರಿನ ಸರದಿಗೆ ಜಗಳವಾಗಿ
ಹನ್ನೊಂದು ವರ್ಷ ಮಾತಿಲ್ಲ.
'ಆ ರಾತ್ರಿ ಅಣ್ಣ ಬರಲಿಲ್ಲ. ದೋಣಿ ಕಾಣಲಿಲ್ಲ.'
ಅಷ್ಟೇ. ಕೆಳಗೆ ಸಹಿ.
ತೀರ್ಪು ಆಕಸ್ಮಿಕ ಎಂದಿತು, ನಾನು ಠಸ್ಸೆ ಒತ್ತಿದೆ.
ಸಿಡ್ನಿ ಒಪ್ಪಿತು, ಮೆಲ್ಬರ್ನ್ ಒಪ್ಪಿತು,
ದೂರದ ಪರ್ತ್ ಕೂಡ, ಕೇಳಿದ್ದರೆ, ಒಪ್ಪುತ್ತಿತ್ತು.

ಆದರೆ ನೆರಿಡಾ ತೋಟಕ್ಕೆ ಹೋಗಿ ನೋಡಿಬಂದಿದ್ದಳು.
ತಮ್ಮನ ನೀರಿನ ಪಂಪು ನೆರೆಗೆ ಸಿಕ್ಕಿರಲಿಲ್ಲ.
ಅಟ್ಟಣೆಯ ಮೇಲೆ ಕೂತಿತ್ತು, ಒಣಗಿ, ಗೋಣಿ ಹೊದ್ದು,
ಹಗ್ಗಕ್ಕೆ ಎಡಗೈಯವರು ಹಾಕುವ ಗಂಟು.
ಜೋರಿ ಬಲಗೈಯವನು.
ಇದನ್ನು ಅವಳು ನನಗೆ ಹೇಳಿದ್ದು ಮೆಟ್ಟಿಲ ಮೇಲೆ,
ಕೋರ್ಟು ಮುಚ್ಚಿದ ಮೇಲೆ,
ದಾಖಲೆಗೆ ಬಾರದ ದನಿಯಲ್ಲಿ.
ಅಣ್ಣ ಕತ್ತಲಲ್ಲಿ ಬಂದು ಹೇಳದೆ ಹೋದನೋ
ತಮ್ಮ ಕಂಡೂ ಕಾಣದೆ ನಿಂತನೋ.
ನಾನು ಪುಸ್ತಕ ಪೂರ್ತಿ ತಿರುವಿದೆ.
ವ್ಯಾಪಾರಕ್ಕೆ ಕಲಮಿದೆ, ಹೊಳೆಯ ನೀರಿಗಿದೆ.

ಆರು ವರ್ಷಕ್ಕೆ ಒಂದೇ ಅಗಲದ ಹಳಿ ಬಂತು.
ನಡುರಾತ್ರಿ ಇಳಿಯುವ ತಾಪತ್ರಯ ತಪ್ಪಿತು.
ನೆರಿಡಾ ಮಾತ್ರ ಭಾನುವಾರದ ಸಂಜೆ
ಸೇತುವೆಯ ಮೇಲೆ ನಡೆದು ಬಂದು
ಸರಿಯಾಗಿ ನಡುವೆ ನಿಲ್ಲುತ್ತಿದ್ದಳು,
ಅಲ್ಲಿಂದ ಕಿತ್ತಳೆ ತೋಟದ ದೀಪ ಕಾಣುತ್ತದೆ,
ಕಂಬಿ ಹಿಡಿದು ಸ್ವಲ್ಪ ಹೊತ್ತು, ಮತ್ತೆ ಹಿಂದಕ್ಕೆ.
ಗಡಿ ಅದೇ ಎಂದುಕೊಂಡಿದ್ದಳೋ ಏನೋ.

ಗಡಿ ಅಲ್ಲಿಲ್ಲ.
ಅದನ್ನು ದಾಟಿ ಅರವತ್ತು ಹೆಜ್ಜೆ
ಅವಳಾಗಲೇ ನಡೆದು ಬಂದಿರುತ್ತಿದ್ದಳು.
ನಾನು ಹೇಳಲಿಲ್ಲ.